ಕವಡೆ ಕಾಸಿನ ಕಿಮ್ಮತ್ತು ಎಂದು ತೂಕಕ್ಕೆ ಹಾಕುವ ಮುನ್ನ

‘ಅದಕ್ಕೆ ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂಬ ಮಾತು ನಮ್ಮ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತದೆ. ಕವಡೆ ಎಂಬುದು ಒಂದು ಕಾಲದಲ್ಲಿ ನಿಜವಾದ ಕಾಸೇ ಆಗಿತ್ತು, ಅದನ್ನು ಕಡಲಿನಿಂದ ಎತ್ತಿ ಲೋಕಕ್ಕೆಲ್ಲ ಹಂಚಿದ ವ್ಯಾಪಾರದಲ್ಲಿ ಮುಸ್ಲಿಂ ವರ್ತಕರ ಪಾಲು ಬಹಳ ದೊಡ್ಡದು ಎಂಬುದನ್ನು ಮಾತ್ರ ಮರೆತಿದ್ದೇವೆ. ಕರಾವಳಿಯವರಾದ ನಮಗೆ ಚಿಪ್ಪು ಎಂದರೆ ದೊಡ್ಡ ವಿಷಯವೇ ಅಲ್ಲ. ಮರುವಾಯಿ ಸುಕ್ಕ ತಿಂದು ಚಿಪ್ಪನ್ನು ತೆಂಗಿನ ಬುಡಕ್ಕೆ ಎಸೆಯುವವರು ನಾವು. ಆದರೆ ಕಡಲನ್ನೇ ಕಾಣದ ಊರುಗಳಲ್ಲಿ ಅದೇ ಚಿಪ್ಪು ಹೆಣ್ಣುಮಕ್ಕಳ ಉಡುಪಿನ ಅಂಚಿನಲ್ಲಿ, ಎತ್ತಿನ ಕೊರಳಲ್ಲಿ, ಹಾಡುವವರ ಎದೆಯ ಮೇಲೆ ಆಭರಣವಾಗಿ ಕೂತಿದೆ.

ಈ ವಿಷಯ ಈ ಪುಟದಲ್ಲಿ ಯಾಕೆ ಎಂದು ಕೇಳಬಹುದು. ನಮ್ಮವರಲ್ಲಿ ಗುಜರಿ ವ್ಯಾಪಾರ ಮಾಡುವವರು ಎಷ್ಟೋ ಮಂದಿ ಉಂಟು. ಘಟ್ಟದ ಮೇಲಿನ ಊರುಗಳಿಗೂ ಹೋಗಿ ಅಂಗಡಿ ಹಾಕಿದವರಿದ್ದಾರೆ. ಹಳೆಯ ಮನೆ ಕೆಡವುವಾಗ, ಎತ್ತು ಮಾರಿ ಟ್ರ್ಯಾಕ್ಟರ್ ತರುವಾಗ, ಅಜ್ಜಿಯ ಪೆಟ್ಟಿಗೆ ಖಾಲಿ ಮಾಡುವಾಗ ಹೊರಗೆ ಬೀಳುವ ಸಾಮಾನು ಮೊದಲು ಮುಟ್ಟುವುದು ಗುಜರಿಯವರ ಕೈಯನ್ನೇ. ಹಿತ್ತಾಳೆ ಗೆಜ್ಜೆಗೆ ಕಿಲೋ ಲೆಕ್ಕದಲ್ಲಿ ಬೆಲೆ ಉಂಟು. ಅದರ ಜೊತೆ ಹೆಣೆದ ಕವಡೆಗೆ ಇಲ್ಲ. ಹಾಗಾಗಿ ದಾರ ಕತ್ತರಿಸಿ ಗೆಜ್ಜೆ ಒಂದು ಕಡೆ, ಕವಡೆ ಇನ್ನೊಂದು ಕಡೆ. ಒಂದು ತಲೆಮಾರು ಜೋಪಾನ ಮಾಡಿದ ವಸ್ತು ಐದು ನಿಮಿಷದಲ್ಲಿ ಬಿಡಿಬಿಡಿ. ಹಾಗೆ ಆಗಬಾರದು ಎಂಬುದಕ್ಕೇ ಈ ಬರಹ.

ಬಳೆಗಾರರ ಮಗನ ಊರು

ಬಾಗಲಕೋಟೆ ಜಿಲ್ಲೆಯ ರನ್ನ ಬೆಳಗಲಿಯನ್ನೇ ನೋಡಿ. ಮುಧೋಳ ಸೀಮೆಯ ಕಬ್ಬಿನ ನಾಡು. ಮಂಗಳೂರಿನಿಂದ 400 ಕಿ.ಮೀ.ಗೂ ಹೆಚ್ಚು ದೂರ. ಕವಿಚಕ್ರವರ್ತಿ ರನ್ನನ ಊರು ಎಂದೇ ಅದಕ್ಕೆ ಈ ಹೆಸರು. 949ರಲ್ಲಿ ಹುಟ್ಟಿದ ರನ್ನ ಅರಮನೆಯ ಮನೆತನದವನಲ್ಲ, ಬಳೆಗಾರರ ಮಗ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಬಳೆ ಮಾರುವ ಮನೆಯಿಂದ ಹೊರಟವನು ಚಾಲುಕ್ಯ ತೈಲಪನ ಆಸ್ಥಾನ ಸೇರಿದ, 993ರಲ್ಲಿ ಅಜಿತಪುರಾಣ ಮುಗಿಸಿದ, ಗದಾಯುದ್ಧ ಬರೆದ. ‘ಬ್ಯಾರ’ ಅಂದರೆ ವ್ಯಾಪಾರ ಎಂಬುದರಿಂದಲೇ ಹೆಸರು ಪಡೆದವರು ಎಂದು ಹೇಳಿಕೊಳ್ಳುವ ನಮಗೆ ಈ ಕವಿ ಅಷ್ಟೇನೂ ದೂರದವನಲ್ಲ.

ಬಳೆಗೂ ಚಿಪ್ಪಿಗೂ ನಂಟು ಹಳೆಯದು. ಗಾಜು ಮನೆಮನೆಗೆ ಬರುವ ಮೊದಲು ಶಂಖವನ್ನು ಅಡ್ಡ ಕೊಯ್ದು ಬಳೆ ಮಾಡುತ್ತಿದ್ದರು. ಒಂದು ಶಂಖದಿಂದ ಕೆಲವೇ ಬಳೆ, ಮಿಕ್ಕಿದ್ದು ಮಣಿಗೆ, ಉಂಗುರಕ್ಕೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1954ರಲ್ಲಿ ನೆಲ ಅಗೆದಾಗ ಚಿಪ್ಪಿನ ಬಳೆಗಳ ತುಂಡುಗಳು ಸಿಕ್ಕವು. ಎರಡೂ ಕಡಲಿನಿಂದ ಬಹು ದೂರದ ಊರುಗಳು. ಅಂದರೆ ಕಡಲ ಸಾಮಾನು ಘಟ್ಟ ಹತ್ತಿ ಒಳನಾಡಿಗೆ ಹೋಗುವ ದಾರಿ ಎರಡು ಸಾವಿರ ವರ್ಷದ ಹಿಂದೆಯೇ ಸವೆದಿತ್ತು.

ಎತ್ತಿನ ಕೊರಳು, ಲಂಬಾಣಿ ಅಂಚು

ಉತ್ತರ ಕರ್ನಾಟಕದವರು ಕವಡೆಯನ್ನು ‘ಕವಡಿ’ ಅನ್ನುತ್ತಾರೆ. ಕಾರಹುಣ್ಣಿಮೆಗೆ ಎತ್ತುಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಬೆನ್ನಿಗೆ ಜೂಲ ಹೊದಿಸಿ, ಕೊರಳಿಗೆ ಗೆಜ್ಜೆ ಸರದ ಜೊತೆ ಕವಡಿ ಸರ ಕಟ್ಟುವುದು ಆ ಕಡೆಯ ಸಂಭ್ರಮ. ಸವದತ್ತಿ ಯಲ್ಲಮ್ಮನ ಜೋಗತಿಯರ ಕೊರಳಲ್ಲೂ ಮೈಲಾರದ ಗೊರವಯ್ಯರ ಮೈಮೇಲೂ ಕವಡಿ ಸರ ಉಂಟು. ಅವರವರ ನಂಬಿಕೆ ಅವರದು. ಇಲ್ಲಿ ನಾವು ಗಮನಿಸಬೇಕಾದ್ದು ಕೈಕೆಲಸವನ್ನು. ಕವಡೆಯ ಉಬ್ಬಿದ ಬೆನ್ನನ್ನು ಒಡೆದು ಅಥವಾ ಉಜ್ಜಿ ತೆಗೆದು, ಅದು ಬಟ್ಟೆಯ ಮೇಲೆ ಚಪ್ಪಟೆಯಾಗಿ ಕೂರುವಂತೆ ಮಾಡಿ, ಹಲ್ಲಿನಂತಿರುವ ಬಾಯಿ ಮೇಲೆ ಬರುವ ಹಾಗೆ ಒಂದೊಂದನ್ನೇ ಹೊಲಿಯುತ್ತಾರೆ.

ಈ ಕೆಲಸದಲ್ಲಿ ಎಲ್ಲರಿಗಿಂತ ಮುಂದೆ ಇರುವವರು ಲಂಬಾಣಿ ಹೆಂಗಸರು. ಕನ್ನಡಿ ಚೂರು, ಬಣ್ಣದ ನೂಲು, ನಾಣ್ಯ, ಅಂಚಿಗೆ ಕವಡೆ ಸಾಲು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ವೇಳೆ ಇಲ್ಲಿನ ಕುಶಲಕರ್ಮಿಗಳು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು.

ಲಂಬಾಣಿಗರು ಸುಮ್ಮನೆ ಅಲೆದಾಡಿದವರಲ್ಲ. ರೈಲು ಬರುವ ಮೊದಲು ಈ ದೇಶದ ಸರಕು ಸಾಗಣೆಯೇ ಅವರ ಎತ್ತುಗಳ ಬೆನ್ನ ಮೇಲಿತ್ತು. ಕಡಲ ಕಡೆಯಿಂದ ಉಪ್ಪು ಹೊತ್ತು ಒಳನಾಡಿಗೆ, ಒಳನಾಡಿನಿಂದ ಧಾನ್ಯ ಹೊತ್ತು ಕೆಳಗೆ. ‘ಲವಣ’ದಿಂದಲೇ ಲಂಬಾಣಿ ಎಂಬ ಹೆಸರು ಬಂತು ಎನ್ನುವ ವಿದ್ವಾಂಸರಿದ್ದಾರೆ. ಮೊಗಲರ ದಂಡಿಗೂ ಇಂಗ್ಲಿಷರ ದಂಡಿಗೂ ದವಸ ಒದಗಿಸಿದವರು ಅವರೇ. ಘಟ್ಟದ ಕೆಳಗೆ ಬಂದರಿನ ವರ್ತಕ, ಘಟ್ಟದ ಮೇಲೆ ಬಂಜಾರ ನಾಯಕ: ಕಡಲ ದಾರಿ ಮುಗಿದಲ್ಲಿ ನೆಲದ ದಾರಿ ಶುರು.

4 ಲಕ್ಷಕ್ಕೆ ಒಂದು ದೀನಾರ್

ಕಡಲ ದಾರಿಯ ಕಥೆ ಹೇಳಲು ನಮಗೊಬ್ಬ ಒಳ್ಳೆಯ ಸಾಕ್ಷಿ ಇದ್ದಾನೆ. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ. 1342ರ ಸುಮಾರಿಗೆ ಅವನು ಮಂಗಳೂರಿಗೆ ಬಂದ. ಅವನ ಬರಹದಲ್ಲಿ ಊರಿನ ಹೆಸರು ‘ಮಂಜರೂರ್’. ಪಟ್ಟಣದ ಪಕ್ಕದ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರು ಇದ್ದರು ಎಂದು ಬರೆದಿದ್ದಾನೆ. ನಮ್ಮ ಹಿರಿಯರ ಬಗ್ಗೆ ಹೊರಗಿನವನೊಬ್ಬ ಬರೆದಿಟ್ಟ ಹಳೆಯ ಮಾತುಗಳಲ್ಲಿ ಇದೂ ಒಂದು.

ಮರುವರ್ಷ ಅವನು ಮಾಲ್ದೀವ್ ದ್ವೀಪಗಳಿಗೆ ಹೋದ, ಅಲ್ಲಿ ಕೆಲವು ತಿಂಗಳು ಕಾಝಿಯೂ ಆದ. ಅಲ್ಲಿನ ದುಡ್ಡು ಕವಡೆ. ಕಡಲಿನಿಂದ ಹೆಕ್ಕಿ ತಂದು ದಡದ ಗುಂಡಿಗಳಲ್ಲಿ ಹಾಕುತ್ತಿದ್ದರು. ಒಳಗಿನ ಮಾಂಸ ಕರಗಿ ಹೋದ ಮೇಲೆ ಬಿಳಿ ಚಿಪ್ಪು ಉಳಿಯುತ್ತಿತ್ತು. 12,000 ಕವಡೆಗೆ ಒಂದು ‘ಕೊತ್ತ’ ಎಂಬ ಲೆಕ್ಕ. 4 ಲಕ್ಷ ಕವಡೆಗೆ ಒಂದು ಚಿನ್ನದ ದೀನಾರ್. ಕೆಲವೊಮ್ಮೆ ಬೆಲೆ ಇಳಿದು ದೀನಾರಿಗೆ 12 ಲಕ್ಷ ಕೊಡಬೇಕಾಗುತ್ತಿತ್ತು. ಬಂಗಾಳದವರು ಅಕ್ಕಿ ಕೊಟ್ಟು ಕವಡೆ ಒಯ್ಯುತ್ತಿದ್ದರು. ಅವರ ನಾಡಿನಲ್ಲೂ ಅದೇ ಚಿಲ್ಲರೆ ದುಡ್ಡು. ಹಡಗು ನೀರಿನಲ್ಲಿ ಸ್ಥಿರವಾಗಿ ನಿಲ್ಲಲು ಯೆಮನಿಗರು ಮರಳಿನ ಬದಲು ಕವಡೆಯನ್ನೇ ತುಂಬುತ್ತಿದ್ದರು. ಮುಂದೆ ಆಫ್ರಿಕಾದ ಮಾಲಿ ದೇಶಕ್ಕೆ ಹೋದಾಗ ಅವನು ಇದೇ ಕವಡೆಯನ್ನು ಮತ್ತೆ ಕಂಡ. ಅಲ್ಲಿ ಬರೀ 1,150ಕ್ಕೆ ಒಂದು ದೀನಾರ್! ದೂರ ಹೋದಷ್ಟು ಬೆಲೆ ಏರುವ ಸರಕು. ವ್ಯಾಪಾರಿ ಮನೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾಲ್ದೀವ್ ದೂರದ ಮಾತಾಯಿತು ಎನ್ನುವವರಿಗೆ ಹತ್ತಿರದ ಸಂಗತಿ ಒಂದು ಉಂಟು. ಲಕ್ಷದ್ವೀಪದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು 1787ರಲ್ಲಿ ಟಿಪ್ಪುವಿನ ಆಡಳಿತಕ್ಕೆ ಬಂದವು. 1799ರ ನಂತರ ಇಂಗ್ಲಿಷರ ಕೈ ಸೇರಿ 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವೇ ಆಗಿದ್ದವು. ದ್ವೀಪದ ತೆಂಗಿನ ನಾರು ಮಂಗಳೂರಿನ ಬಂದರಿಗೆ, ಇಲ್ಲಿಂದ ಅಕ್ಕಿ ದ್ವೀಪಕ್ಕೆ. ಆ ದ್ವೀಪಗಳ ದಡದಲ್ಲಿ ಸಿಗುವುದೂ ಇದೇ ಕವಡೆ.

ಬೀದರಿನ ಕರಿಕಲ್ಲು, ಗಲ್ಫಿನ ಪೆಟ್ಟಿಗೆ

ಚಿಪ್ಪು ಬಡವರ ಒಡವೆ ಮಾತ್ರವಲ್ಲ. ಬೀದರ್ ಕೋಟೆಯೊಳಗಿನ ರಂಗೀನ್ ಮಹಲ್ ನೋಡಿದವರಿಗೆ ಇದು ಗೊತ್ತು. ಬರೀದ್ ಶಾಹಿ ಸುಲ್ತಾನ ಅಲಿ ಬರೀದ್ ಶಾ (ಆಳ್ವಿಕೆ 1542-1580) ಕಟ್ಟಿಸಿದ ಕೋಣೆಯಲ್ಲಿ ಕುಳಿ ಕೊರೆದ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪಿನ ತುಂಡುಗಳನ್ನು ಕೂರಿಸಿ ಬಳ್ಳಿ, ಹೂವು, ಫಾರ್ಸಿ ಅಕ್ಷರ ಬಿಡಿಸಿದ್ದಾರೆ. ಬೆಳಕು ಬಿದ್ದ ಕೂಡಲೇ ಕಲ್ಲಿನಲ್ಲಿ ಕಾಮನಬಿಲ್ಲು. ಫತೇಪುರ್ ಸಿಕ್ರಿಯಲ್ಲಿ ಶೇಖ್ ಸಲೀಂ ಚಿಶ್ತಿಯವರ ಗೋರಿಯ ಮೇಲಿನ ಮರದ ಮಂಟಪಕ್ಕೂ ಮುತ್ತಿನ ಚಿಪ್ಪಿನದೇ ಹೊದಿಕೆ.

ನಮ್ಮ ಮನೆಗಳಿಗೆ ಈ ಕಲೆ ಬಂದದ್ದು ಗಲ್ಫಿನ ದಾರಿಯಲ್ಲಿ. ಅಲ್ಲಿಂದ ಬಂದವರು ತಂದ ಮುಸ್‌ಹಫ್ ಇಡುವ ಪೆಟ್ಟಿಗೆ, ರೆಹಾಲ್, ಒಡವೆ ಡಬ್ಬಿಗಳ ಮೇಲೆ ನಕ್ಷತ್ರದಂತೆ ಹೊಳೆಯುವ ಬಿಳಿ ಚೂರುಗಳು ಹಲವರ ಮನೆಯ ಶೋಕೇಸಿನಲ್ಲಿ ಉಂಟು. ಡಮಾಸ್ಕಸ್ ಮತ್ತು ಕೈರೊದ ಕುಶಲಕರ್ಮಿಗಳು ಈ ಕೆಲಸಕ್ಕೆ ಹೆಸರಾದವರು. ಎಣ್ಣೆ ಸಿಗುವ ಮುಂಚೆ ಬಹರೈನ್, ಕುವೈತ್, ದುಬೈ ಬದುಕಿದ್ದೇ ಮುತ್ತಿನ ಮೇಲೆ. ಆ ಮುತ್ತಿನ ದೊಡ್ಡ ಮಾರುಕಟ್ಟೆ ನಮ್ಮ ಮುಂಬೈ. ಸೂರಃ ಅರ್‍ರಹ್ಮಾನ್‌ನಲ್ಲಿ ಕಡಲ ಅನುಗ್ರಹಗಳ ನಡುವೆ ಮುತ್ತು ಹವಳಗಳ ಪ್ರಸ್ತಾಪ ಇರುವುದು ಎಲ್ಲರಿಗೂ ಗೊತ್ತಿರುವುದೇ.

ಕಟ್ಟಿಕೊಳ್ಳುವುದಲ್ಲ, ಇಟ್ಟುಕೊಳ್ಳುವುದು

ಇಲ್ಲೊಂದು ಪ್ರಶ್ನೆ ನಮ್ಮ ಮನೆಗಳಲ್ಲಿ ಬಂದೇ ಬರುತ್ತದೆ. ‘ಕವಡೆ ಕಟ್ಟುವುದು ಸರಿಯಾ ಮೋನೆ?’ ಎಂದು ಹಿರಿಯರು ಕೇಳಿದರೆ ಅದರಲ್ಲಿ ಅರ್ಥ ಉಂಟು. ಕಣ್ಣು ತಾಗದಿರಲಿ, ಕೆಡುಕು ತಟ್ಟದಿರಲಿ ಎಂದು ಕವಡೆ ಕಟ್ಟಿಕೊಳ್ಳುವುದನ್ನು ಪ್ರವಾದಿಯವರು (ಸ.ಅ.) ಖಂಡಿಸಿದ ವರದಿ ಮುಸ್ನದ್ ಅಹ್ಮದ್‌ನಲ್ಲಿದೆ. ಕಾಯುವವನು ಅಲ್ಲಾಹನು ಮಾತ್ರ, ಚಿಪ್ಪಲ್ಲ. ಹಾಗಾಗಿ ಮಗುವಿನ ಕೊರಳಿಗೋ ಹೊಸ ಕಾರಿನ ಕನ್ನಡಿಗೋ ಕವಡೆ ನೇತು ಹಾಕುವ ಮಾತು ನಾವು ಆಡುತ್ತಿಲ್ಲ. ಒಬ್ಬ ಹೆಣ್ಣುಮಗಳು ಕಣ್ಣು ದಣಿಸಿ ಹೊಲಿದ ಬಟ್ಟೆಯನ್ನು, ಒಬ್ಬ ರೈತನ ಎತ್ತಿನ ಸರವನ್ನು ಕೈಕೆಲಸವೆಂದು, ಚರಿತ್ರೆಯೆಂದು ಜೋಪಾನ ಮಾಡುವುದು ಬೇರೆ ವಿಷಯ. ಸಂಶಯ ಇದ್ದವರು ಊರಿನ ಉಸ್ತಾದರಲ್ಲಿ ಕೇಳಿಕೊಳ್ಳಲಿ.

ಕೈಗೆ ಸಿಕ್ಕಾಗ ಏನು ಮಾಡಬೇಕು?

ಗುಜರಿ ಅಂಗಡಿಯವರಿಗೂ ಮನೆಯವರಿಗೂ ಕೆಲವು ಮಾತು.

ಮೊದಲನೆಯದು, ಬಿಡಿಸಬೇಡಿ. ಸರ ಸರವಾಗಿದ್ದರೆ ಮಾತ್ರ ಅದಕ್ಕೆ ಕಥೆ, ಕಥೆ ಇದ್ದರೆ ಮಾತ್ರ ಬೆಲೆ. ಯಾವ ಊರಿನ ಮನೆಯದು, ಯಾವುದಕ್ಕೆ ಬಳಸುತ್ತಿದ್ದರು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.

ಎರಡನೆಯದು, ಅಸಲು ನಕಲು ನೋಡಿ. ಪ್ಲಾಸ್ಟಿಕ್ ಕವಡೆ ಎಲ್ಲವೂ ಒಂದೇ ಅಚ್ಚು, ಹಗುರ, ಬದಿಯಲ್ಲಿ ಅಚ್ಚಿನ ಗೆರೆ ಕಾಣುತ್ತದೆ. ನಿಜವಾದವು ಒಂದಕ್ಕೊಂದು ಚೂರು ಬೇರೆ, ಮುಟ್ಟಿದರೆ ತಣ್ಣಗೆ. ಹಳೆಯವು ತಿಕ್ಕಿ ತಿಕ್ಕಿ ನುಣುಪಾಗಿ ತುಸು ಹಳದಿಗೆ ತಿರುಗಿರುತ್ತವೆ. ಮುತ್ತಿನ ಚಿಪ್ಪಿನ ಬಣ್ಣ ಅಲ್ಲಾಡಿಸಿದಂತೆ ಬದಲಾಗುತ್ತದೆ, ಪ್ಲಾಸ್ಟಿಕ್ಕಿನದು ಹೆಚ್ಚು ಕಡಿಮೆ ಒಂದೇ ರೀತಿ. ಬಿಸಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ವಸ್ತು ಕೆಡಿಸಬೇಡಿ.

ಮೂರನೆಯದು, ಹುಳಿ ಮುಟ್ಟಿಸಬೇಡಿ. ಹಿತ್ತಾಳೆ ಬೆಳಗಿದ ಹಾಗೆ ಹುಣಸೆಹಣ್ಣು, ಲಿಂಬೆ, ವಿನೆಗರ್ ಹಾಕಿದರೆ ಚಿಪ್ಪು ಕರಗುತ್ತದೆ. ಅದೂ ಸುಣ್ಣದ ಜಾತಿಯೇ ತಾನೆ! ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಿಸಿದರೆ ಸಾಕು. ಗಾಳಿಯಾಡದ ಮರದ ಕಪಾಟು, ರಟ್ಟಿನ ಡಬ್ಬಿ ಒಳ್ಳೆಯದಲ್ಲ. ಮರ ಮತ್ತು ರಟ್ಟಿನಿಂದ ಬರುವ ಆಮ್ಲದ ಆವಿ ತೇವದ ಜೊತೆ ಸೇರಿ ಚಿಪ್ಪಿನ ಮೇಲೆ ಬಿಳಿ ಹುಡಿ ಏಳಿಸುತ್ತದೆ. ನಮ್ಮ ಮಳೆಗಾಲದಲ್ಲಂತೂ ಆಗಾಗ ತೆಗೆದು ಗಾಳಿಗೆ ಇಡಿ.

ನಾಲ್ಕನೆಯದು ಕಾನೂನು. ಸಾಮಾನ್ಯ ಕವಡೆ ಬೇರೆ. ಆದರೆ ನಾಟಿಲಸ್, ದೈತ್ಯ ಕ್ಲ್ಯಾಮ್, ಟ್ರೋಕಸ್, ಟರ್ಬೊ ಮುಂತಾದ ಚಿಪ್ಪುಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಲಾಗಿದೆ. ಬೀಚಿನ ಬದಿಯಲ್ಲಿ ಯಾರೋ ದೊಡ್ಡ ಚಿಪ್ಪು ಅಗ್ಗಕ್ಕೆ ಕೊಟ್ಟರೆ ಆಸೆ ಪಡಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು ಪ್ರಾಚ್ಯವಸ್ತು ಎನಿಸುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ಹೊರದೇಶಕ್ಕೆ ಕಳಿಸುವಂತಿಲ್ಲ. ಗಲ್ಫಿನ ಗೆಳೆಯನಿಗೆ ಉಡುಗೊರೆ ಎಂದು ಸೂಟ್‌ಕೇಸಿಗೆ ಹಾಕುವ ಮೊದಲು ಇದು ನೆನಪಿರಲಿ.

ಇಟ್ಟುಕೊಳ್ಳಲು ಮನೆಯಲ್ಲಿ ಜಾಗ ಇಲ್ಲದವರು ವಸ್ತು ಸಂಗ್ರಹಾಲಯಕ್ಕೆ ಕೊಡಬಹುದು. ಮಂಗಳೂರು ಬಿಜೈಯ ಶ್ರೀಮಂತಿ ಬಾಯಿ ಸರಕಾರಿ ವಸ್ತು ಸಂಗ್ರಹಾಲಯ ಉಂಟು, ಬಂಟ್ವಾಳ ಸಂಚಯಗಿರಿಯ ತುಳು ಬದುಕು ಸಂಗ್ರಹಾಲಯ ಉಂಟು. 2007ರಲ್ಲಿ ಸ್ಥಾಪನೆಯಾದ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾತು, ಹಾಡು, ಗಾದೆಗಳನ್ನು ಕೂಡಿಡುವ ಕೆಲಸದಲ್ಲಿದೆ. ಅದರ ಜೊತೆಗೆ ನಮ್ಮ ವ್ಯಾಪಾರದ ಹಳೆಯ ಸಾಮಾನುಗಳ ಪಟ್ಟಿಯೂ ಆದರೆ ಒಳ್ಳೆಯದು. ತಕ್ಕಡಿ, ಅಳತೆ ಪಾತ್ರೆ, ಲೆಕ್ಕದ ಪುಸ್ತಕ, ಚಿಪ್ಪಿನ ಪೆಟ್ಟಿಗೆ, ಎಲ್ಲವೂ.

ರನ್ನ ಬೆಳಗಲಿಯ ಕಡೆಯಿಂದ ಬರುವ ಲಾರಿಯಲ್ಲಿ ಒಂದು ಹಳೆಯ ಕವಡಿ ಸರ ಬಂದರೆ ಅದನ್ನು ತಕ್ಕಡಿಗೆ ಹಾಕುವ ಮೊದಲು ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡಿ. ಕಡಲಿನ ಸರಕು ಅದು. ಘಟ್ಟ ಹತ್ತಿ ಹೋಗಿ, ಒಂದು ಮನೆಯ ಬದುಕು ಕಂಡು, ಮತ್ತೆ ಕಡಲಿನವರ ಕೈಗೇ ಬಂದಿದೆ. ಅದರ ಕಿಮ್ಮತ್ತು ಎಷ್ಟು ಎಂದು ಹೇಳಬೇಕಾದವರು ಈಗ ನಾವೇ.