ಪೆಟ್ಟು ತಿಂದು ಪಡೆದ ಹಕ್ಕುಗಳು

2001ರ ಜುಲೈ 2, ಸೋಮವಾರ. ಯುಎಸ್-64 ಯೋಜನೆಯ ಯೂನಿಟ್‌ಗಳ ಮಾರಾಟವನ್ನೂ ಮರುಖರೀದಿಯನ್ನೂ ಆರು ತಿಂಗಳ ಕಾಲ ನಿಲ್ಲಿಸುವುದಾಗಿ ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ ಪ್ರಕಟಿಸಿತು. ಮಗಳ ಮದುವೆಗೆಂದು, ನಿವೃತ್ತಿಯ ಇಡುಗಂಟೆಂದು ದುಡ್ಡು ಕೂಡಿಟ್ಟ ಸುಮಾರು ಎರಡು ಕೋಟಿ ಜನ ದಿಕ್ಕೆಟ್ಟರು. ಇಂದು ಮೊಬೈಲಿನಲ್ಲಿ ಎಸ್‌ಐಪಿ, ಅಂದರೆ ಕಂತಿನ ಹೂಡಿಕೆ, ಶುರು ಮಾಡುವ ಎಷ್ಟೋ ಮಂದಿ ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಅವರ ಹಣಕ್ಕೆ ಈಗ ಕಾವಲಾಗಿರುವ ಹಲವು ನಿಯಮಗಳ ಹಿಂದೆ ಇಂಥ ಪೆಟ್ಟುಗಳಿವೆ.

ಹತ್ತು ರೂಪಾಯಿಯ ನಂಬಿಕೆ

ಷೇರುಪೇಟೆಯ ಲಾಭ ಸಣ್ಣ ಉಳಿತಾಯಗಾರರಿಗೂ ಸಿಗಲಿ ಎಂಬ ಉದ್ದೇಶದಿಂದ ಸಂಸತ್ತು 1963ರಲ್ಲಿ ಯೂನಿಟ್ ಟ್ರಸ್ಟ್ ಕಾಯ್ದೆ ಮಾಡಿತು. ಮರುವರ್ಷ ಜುಲೈನಲ್ಲಿ ಯುಎಸ್-64 ಬಂತು. ಒಂದು ಯೂನಿಟ್‌ಗೆ ಹತ್ತು ರೂಪಾಯಿ. ಬೆನ್ನಿಗೆ ಸರ್ಕಾರ ಇದ್ದುದರಿಂದ ಜನ ಅದನ್ನು ಬ್ಯಾಂಕ್ ಠೇವಣಿಯಷ್ಟೇ ಭದ್ರ ಎಂದುಕೊಂಡರು. 1987ರಲ್ಲಿ ಸ್ಟೇಟ್ ಬ್ಯಾಂಕ್ ಮತ್ತು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್ ತಮ್ಮ ಮ್ಯೂಚುವಲ್ ಫಂಡ್‌ಗಳನ್ನು ಆರಂಭಿಸಿದವು. 1993ರಲ್ಲಿ ಖಾಸಗಿಯವರಿಗೂ ಬಾಗಿಲು ತೆರೆಯಿತು.

ಯುಎಸ್-64ರ ದೋಷ ಅದರ ಬೆಲೆಯಲ್ಲೇ ಇತ್ತು. ಯೂನಿಟ್‌ನ ಬೆಲೆಯನ್ನು ಟ್ರಸ್ಟ್ ತಾನೇ ಗೊತ್ತುಮಾಡುತ್ತಿತ್ತು. ಬೊಕ್ಕಸದಲ್ಲಿದ್ದ ಷೇರು, ಸಾಲಪತ್ರಗಳ ನಿಜವಾದ ಬೆಲೆಗೂ ಅದಕ್ಕೂ ನೇರ ನಂಟಿರಲಿಲ್ಲ. ಷೇರುಗಳು ಕುಸಿದರೂ ಯೂನಿಟ್ ಮಾತ್ರ ಏರುತ್ತಲೇ ಇತ್ತು. ಒಳಗಿನ ಟೊಳ್ಳನ್ನು ಅರಿತ ದೊಡ್ಡ ಕಂಪನಿಗಳು ಮೊದಲೇ ಹಣ ಹಿಂಪಡೆದವು. ಕೊನೆಗೆ ನಷ್ಟ ಹೊತ್ತವರು ಏನೂ ಅರಿಯದ ಸಾಮಾನ್ಯರು.

2002ರ ಜನವರಿಯಿಂದ ಯುಎಸ್-64ರ ಬೆಲೆಯೂ ನಿವ್ವಳ ಆಸ್ತಿ ಮೌಲ್ಯಕ್ಕೆ, ಅಂದರೆ ಎನ್‌ಎವಿಗೆ, ಕಟ್ಟುಬಿತ್ತು. 2003ರಲ್ಲಿ ಸಂಸ್ಥೆಯನ್ನು ಎರಡಾಗಿ ಒಡೆದು, ಮ್ಯೂಚುವಲ್ ಫಂಡ್ ಭಾಗವನ್ನು ಷೇರುಪೇಟೆಯ ನಿಯಂತ್ರಕ ಸೆಬಿಯ ಅಧೀನಕ್ಕೆ ತಂದರು. ದಿನವೂ ಪ್ರಕಟವಾಗುವ ಎನ್‌ಎವಿ ನಮ್ಮ ಹಣದ ಅಂದಂದಿನ ಬೆಲೆಯನ್ನು ಹೇಳುತ್ತದೆ, ಅಷ್ಟೆ. ಹತ್ತು ರೂಪಾಯಿಯ ಹೊಸ ಫಂಡ್ ಅಗ್ಗ, ಐನೂರು ರೂಪಾಯಿಯ ಹಳೆಯ ಫಂಡ್ ದುಬಾರಿ ಎಂಬ ಮಾತನ್ನು ನಂಬಬೇಡಿ. ಎರಡೂ ಶೇ 10ರಷ್ಟು ಏರಿದರೆ ನಿಮ್ಮ ಗಳಿಕೆ ಒಂದೇ.

ಕಾಣದ ಕಡಿತ

ಒಂದು ಕಾಲಕ್ಕೆ ಷೇರು ಫಂಡ್‌ಗೆ ಹತ್ತು ಸಾವಿರ ಕೊಟ್ಟರೆ ಹೂಡಿಕೆಯಾಗುತ್ತಿದ್ದುದು 9,775 ರೂಪಾಯಿ. ಉಳಿದ ಶೇ 2.25 ಪ್ರವೇಶ ಶುಲ್ಕವೆಂದು ಕಡಿತವಾಗುತ್ತಿತ್ತು. 2009ರ ಆಗಸ್ಟ್ 1ರಿಂದ ಸೆಬಿ ಇದನ್ನು ರದ್ದು ಮಾಡಿತು. 2013ರ ಜನವರಿಯಿಂದ ಪ್ರತಿ ಫಂಡ್‌ನಲ್ಲೂ ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಕಡ್ಡಾಯವಾಯಿತು.

ಕಮಿಷನ್ ಇರುವ ರೆಗ್ಯುಲರ್ ಪ್ಲಾನ್‌ಗೂ ಡೈರೆಕ್ಟ್‌ಗೂ ವರ್ಷಕ್ಕೆ ಶೇ 1ರ ವ್ಯತ್ಯಾಸವಿದ್ದರೆ ಅದು ಚಿಕ್ಕದಾಗಿ ಕಾಣುತ್ತದೆ. ಹತ್ತು ಲಕ್ಷ ರೂಪಾಯಿ 20 ವರ್ಷ ಶೇ 11ರಂತೆ ಬೆಳೆದರೆ 80.6 ಲಕ್ಷವಾಗುತ್ತದೆ, ಶೇ 10ರಂತೆ ಬೆಳೆದರೆ 67.3 ಲಕ್ಷ. ಪೇಟೆ ಬಿದ್ದಾಗ ಕೈಹಿಡಿದು ನಿಲ್ಲಿಸುವ ಒಳ್ಳೆಯ ಏಜೆಂಟರಿದ್ದರೆ ಆ ಕಮಿಷನ್ ದಂಡವಲ್ಲ. ಆದರೆ ಎಷ್ಟು ಕೊಡುತ್ತಿದ್ದೇವೆ ಎಂಬುದು ಗೊತ್ತಿರಲೇಬೇಕು.

ಬೆಂಗಳೂರಿನಿಂದ ಬಂದ ತೀರ್ಪು

ಕೋವಿಡ್ ಲಾಕ್‌ಡೌನ್ ನಡುವೆ, 2020ರ ಏಪ್ರಿಲ್ 23ರಂದು, ಫ್ರಾಂಕ್ಲಿನ್ ಟೆಂಪಲ್ಟನ್ ಎಂಬ ಫಂಡ್ ಸಂಸ್ಥೆ ತನ್ನ ಆರು ಸಾಲಪತ್ರ ಫಂಡ್‌ಗಳನ್ನು ಮುಚ್ಚುವುದಾಗಿ ಹೇಳಿತು. ಸಿಕ್ಕಿಬಿದ್ದ ಮೊತ್ತ 25 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಸಾಲಪತ್ರ ಫಂಡ್ ಎಂದರೆ ಸುರಕ್ಷಿತ ಎಂದು ನಂಬಿದವರಿಗೆ ಇದು ಬರಸಿಡಿಲು. ಹೆಚ್ಚಿನ ಬಡ್ಡಿಯ ಆಸೆಗೆ ಆ ಫಂಡ್‌ಗಳು ಕಡಿಮೆ ದರ್ಜೆಯ ಸಾಲಪತ್ರಗಳನ್ನು ಕೊಂಡಿದ್ದವು. ಎಲ್ಲರೂ ಒಟ್ಟಿಗೆ ಹಣ ಕೇಳಿದಾಗ ಆ ಪತ್ರಗಳನ್ನು ಕೊಳ್ಳುವವರೇ ಇರಲಿಲ್ಲ.

ಬೇರೆಬೇರೆ ಹೈಕೋರ್ಟ್‌ಗಳಲ್ಲಿದ್ದ ದಾವೆಗಳನ್ನು ಸುಪ್ರೀಂ ಕೋರ್ಟ್ ಕರ್ನಾಟಕ ಹೈಕೋರ್ಟ್‌ಗೆ ಒಪ್ಪಿಸಿತು. ಯೂನಿಟ್‌ದಾರರ ಒಪ್ಪಿಗೆಯಿಲ್ಲದೆ ಫಂಡ್ ಮುಚ್ಚುವಂತಿಲ್ಲ ಎಂದು 2020ರ ಅಕ್ಟೋಬರ್ 24ರಂದು ತೀರ್ಪು ಬಂತು. ಬಹುಮತದ ಒಪ್ಪಿಗೆ ಬೇಕೆಂಬುದನ್ನು 2021ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹಣ ಹಾಕಿದವರ ಮಾತಿಗೆ ಕಾನೂನಿನ ಬಲ ಬಂತು.

ಕಾನೂನು ಇಷ್ಟೆಲ್ಲ ಮಾಡಿದರೂ ನಮ್ಮ ಪರವಾಗಿ ಓದಲಾರದು. ಇದೇ ಭಾನುವಾರ ನಿಮ್ಮ ಫಂಡ್‌ನ ವಿವರಪಟ್ಟಿ ತೆಗೆಯಿರಿ. ಡೈರೆಕ್ಟೋ ರೆಗ್ಯುಲರ್ರೋ ನೋಡಿ. ಅಪಾಯದ ಮಟ್ಟ ತೋರಿಸುವ ಆರು ಹಂತಗಳ ರಿಸ್ಕೋಮೀಟರ್‌ನ ಮುಳ್ಳು ಎಲ್ಲಿ ನಿಂತಿದೆ ಗಮನಿಸಿ. ಫಂಡ್ ಯಾವ ಷೇರು, ಯಾರ ಸಾಲಪತ್ರ ಕೊಂಡಿದೆ ಎಂಬ ಪಟ್ಟಿ ಓದಿ. ಎರಡು ಮೂರು ವರ್ಷದಲ್ಲಿ ಬೇಕಾಗುವ ಮಗುವಿನ ಶುಲ್ಕವನ್ನೋ ಮನೆಯ ಮುಂಗಡವನ್ನೋ ಷೇರು ಫಂಡ್‌ನಲ್ಲಿ ಇಡಬೇಡಿ. ಇಂದು ನಮ್ಮ ಕೈಗೆ ಸಿಗುವ ಈ ಮಾಹಿತಿ 2001ರಲ್ಲಿ ಆ ಎರಡು ಕೋಟಿ ಜನರಿಗೆ ಸಿಕ್ಕಿರಲಿಲ್ಲ. ದಯವಿಟ್ಟು ಓದದೆ ಬಿಡಬೇಡಿ.