ಬರೆದರೆ ನಾಣ್ಯ, ಕೀಲಿ ಕಳೆದರೆ ಶೂನ್ಯ

ಕೊಳ್ಳೇಗಾಲ: ಲೇಖನಕ್ಕೆ ಓದುಗರು ಮತ ಹಾಕಿದರೆ ಬರೆದವರ ಖಾತೆಗೆ ಕ್ರಿಪ್ಟೋ ನಾಣ್ಯ ಜಮೆಯಾಗುವ ಜಾಲತಾಣಗಳು ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಹವ್ಯಾಸಿ ಬರಹಗಾರರಿಗೂ ಮೊಬೈಲ್‌ನಲ್ಲೇ ಎಟಕುತ್ತವೆ. ಇವುಗಳಲ್ಲಿ ಪ್ರಮುಖವಾದ ಸ್ಟೀಮಿಟ್ ಅನ್ನು ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ 2016ರಲ್ಲಿ ಆರಂಭಿಸಿದರು. 2020ರ ಫೆಬ್ರುವರಿಯಲ್ಲಿ ಆ ಸಂಸ್ಥೆ ಟ್ರಾನ್ ಸ್ಥಾಪಕ ಜಸ್ಟಿನ್ ಸನ್ ಪಾಲಾಯಿತು. ಅದನ್ನೊಪ್ಪದ ಬಳಕೆದಾರರು ಮಾರ್ಚ್ 20ರಂದು ಹೈವ್ ಎಂಬ ಪ್ರತ್ಯೇಕ ಜಾಲ ಕಟ್ಟಿಕೊಂಡರು.

ಹೊಸಬರು ಎಡವುವುದು ಬರವಣಿಗೆಯಲ್ಲಿ ಅಲ್ಲ, ಕೀಲಿಯಲ್ಲಿ. ಖಾತೆ ತೆರೆದಾಗ ಉದ್ದನೆಯ ಮೂಲ ಗುಪ್ತಪದವೊಂದು ದೊರೆಯುತ್ತದೆ. ಅದರಿಂದ ಹುಟ್ಟುವ ಕೀಲಿಗಳಲ್ಲಿ ಪೋಸ್ಟಿಂಗ್ ಕೀಲಿ ಬರೆಯಲು ಮತ್ತು ಮತ ಹಾಕಲು, ಆಕ್ಟಿವ್ ಕೀಲಿ ಹಣ ಕಳುಹಿಸಲು, ಓನರ್ ಕೀಲಿ ಉಳಿದವನ್ನು ಬದಲಿಸಲು. ದಿನನಿತ್ಯದ ಬಳಕೆಗೆ ಪೋಸ್ಟಿಂಗ್ ಕೀಲಿಯೊಂದೇ ಸಾಕು. ಮಿಕ್ಕವನ್ನು ಕಾಗದದಲ್ಲಿ ಬರೆದು, ಜಮೀನಿನ ಪತ್ರದ ಜತೆಯಲ್ಲೇ ಬೀರುವಿನಲ್ಲಿಡುವುದು ಕ್ಷೇಮ. ಓನರ್ ಕೀಲಿ ಕದ್ದುಹೋಗಿ ಬದಲಾದರೆ 30 ದಿನಗಳೊಳಗೆ ಖಾತೆ ಮರಳಿ ಪಡೆಯುವ ದಾರಿಯಿದೆ. ಹಳೆಯ ಕೀಲಿ ಕೈಯಲ್ಲಿರಬೇಕಷ್ಟೆ. ಎಲ್ಲವನ್ನೂ ಕಳೆದುಕೊಂಡವರಿಗೆ ಬ್ಯಾಂಕಿನಂತೆ ಅರ್ಜಿ ಕೊಡಲು ಯಾವ ಶಾಖೆಯೂ ಇಲ್ಲ.

ಇನ್ನು ಸಂಪಾದನೆಯ ಮಾತು. ಹೈವ್‌ನಲ್ಲಿ ಲೇಖನಕ್ಕೆ 7 ದಿನ ಮತ ಬೀಳುತ್ತದೆ. ಬಂದ ಬಹುಮಾನದಲ್ಲಿ ಅರ್ಧ ಲೇಖಕರಿಗೆ, ಅರ್ಧ ಮತ ಹಾಕಿದವರಿಗೆ. ಲೇಖಕರ ಪಾಲಿನಲ್ಲೂ ಸಾಮಾನ್ಯವಾಗಿ ಅರ್ಧ ಭಾಗ ಹೈವ್ ಪವರ್ ರೂಪದಲ್ಲಿರುತ್ತದೆ. ಅದನ್ನು ಬಿಡಿಸಿಕೊಳ್ಳಲು 13 ವಾರಗಳ ಕಂತು. ಅಷ್ಟರಲ್ಲಿ ಬೆಲೆ ಎಲ್ಲಿರುತ್ತದೋ ಹೇಳಬಲ್ಲವರಿಲ್ಲ: 2018ರ ಜನವರಿಯಲ್ಲಿ 7 ಡಾಲರ್ ದಾಟಿದ್ದ ಸ್ಟೀಮ್ ನಾಣ್ಯ ಅದೇ ವರ್ಷಾಂತ್ಯಕ್ಕೆ ಅರ್ಧ ಡಾಲರ್‌ಗಿಂತ ಕೆಳಗಿತ್ತು. ನೌಕರಿ ಬಿಟ್ಟು ನೆಚ್ಚಿಕೊಳ್ಳುವ ಆದಾಯ ಇದಲ್ಲ.

ನಕಲು ಮಾಡಿದ ಬರಹ, ಇಂಟರ್‌ನೆಟ್‌ನಿಂದ ಎತ್ತಿದ ಚಿತ್ರಗಳಿಗೆ ಇತರ ಸದಸ್ಯರು ವಿರುದ್ಧ ಮತ ಹಾಕಿ ಬಹುಮಾನವನ್ನು ಸೊನ್ನೆಗಿಳಿಸಬಲ್ಲರು. ಕೊಳ್ಳೇಗಾಲದ ರೇಷ್ಮೆ ಮಗ್ಗ, ಮಲೆ ಮಹದೇಶ್ವರ ಬೆಟ್ಟದ ಕಂಸಾಳೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬದುಕು ಇಲ್ಲಿನವರಿಗೆ ಕಣ್ಣೆದುರಿನ ವಸ್ತು. ಸ್ವಂತ ಫೋಟೊ ಸಮೇತ ಬರೆದರೆ ದೂರದ ಓದುಗನಿಗೂ ಹೊಸತು. ಮತದಾರರಲ್ಲಿ ಕನ್ನಡ ಬಲ್ಲವರು ವಿರಳವಾದ್ದರಿಂದ ಜತೆಗೊಂದು ಇಂಗ್ಲಿಷ್ ಸಾರಾಂಶವಿದ್ದರೆ ಅನುಕೂಲ. ಒಮ್ಮೆ ಪ್ರಕಟಿಸಿದ್ದು ತಿದ್ದಿದ ಮೇಲೂ ಬ್ಲಾಕ್‌ಚೈನ್‌ನಲ್ಲಿ ಉಳಿಯುತ್ತದೆ; ಮನೆಯ ವಿಳಾಸ, ಮಕ್ಕಳ ಚಿತ್ರ ಹಾಕುವ ಮುನ್ನ ಎರಡು ಬಾರಿ ಯೋಚಿಸಬೇಕು.

ನಾಣ್ಯ ಮಾರಿ ರೂಪಾಯಿ ಮಾಡಿಕೊಂಡರೆ ತೆರಿಗೆಯೂ ಉಂಟು. 2022ರ ಏಪ್ರಿಲ್ 1ರಿಂದ ಇಂಥ ಮಾರಾಟದ ಲಾಭಕ್ಕೆ ಶೇ 30ರ ದರ ಅನ್ವಯಿಸುತ್ತಿದ್ದು, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷದ ಜುಲೈ 1ರಿಂದ ನಿಗದಿತ ಮಿತಿ ಮೀರಿದ ವಹಿವಾಟಿಗೆ ಶೇ 1ರ ಟಿಡಿಎಸ್ ಕೂಡ ಜಾರಿಯಲ್ಲಿದೆ.

ಸದಸ್ಯತ್ವಕ್ಕೆ ಹಣ ಕಟ್ಟಿ, ಇನ್ನಿಬ್ಬರನ್ನು ಸೇರಿಸಿ ಎನ್ನುವವರು ಮನೆ ಬಾಗಿಲಿಗೆ ಬಂದರೆ ಅದು ಈ ಜಾಲತಾಣಗಳ ಪದ್ಧತಿಯಲ್ಲ. ಈಗಾಗಲೇ ಹಣ ಕೊಟ್ಟು ಮೋಸ ಹೋದವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬಹುದು.