ಓಟವೋ, ಎಳೆತವೋ?

ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯ ಸುತ್ತಲಿನ ದಾರಿಗಳಲ್ಲಿ ಅರ್ಧ ಗಂಟೆ ನಿಂತು ನೋಡಿದವರಿಗೆ ಚಕ್ರದ ಚರಿತ್ರೆಯೆಲ್ಲ ಕಣ್ಣ ಮುಂದೆ ಹಾದುಹೋದಂತಾಗುತ್ತದೆ. ತೊಗರಿಯ ಹೊಲದಿಂದ ಹೊರಟ ಎತ್ತಿನ ಬಂಡಿ. ಶಹಾಬಾದಿನ ಹಾಸುಗಲ್ಲನ್ನು ಹೇರಿಕೊಂಡು ಏದುಸಿರು ಬಿಡುತ್ತ ಏರನ್ನು ಹತ್ತುವ ಲಾರಿ. ಅವೆರಡನ್ನೂ ಕ್ಷಣಮಾತ್ರದಲ್ಲಿ ಹಿಂದಿಕ್ಕಿ ಕಲಬುರಗಿಯ ಕಡೆಗೆ ಮಾಯವಾಗುವ ಕಾರು. ಲಾರಿಯ ಎಂಜಿನು ಕಾರಿನ ಎಂಜಿನಿಗಿಂತ ಬಲಿಷ್ಠ. ಆದರೂ ಅದು ತೆವಳುತ್ತದೆ. ಹೊರೆಯೊಂದೇ ಇದಕ್ಕೆ ಕಾರಣವಲ್ಲ. ಬರಿದಾದ ಲಾರಿಯೂ ಕಾರಿನ ವೇಗಕ್ಕೆ ಏರಲಾರದು. ಅದರ ಹಿಂದಿನ ಅಚ್ಚಿನಲ್ಲಿ, ಕಬ್ಬಿಣದ ದುಂಡು ಡಬ್ಬಿಯೊಳಗೆ, ಎಣ್ಣೆಯಲ್ಲಿ ಮುಳುಗಿ ತಿರುಗುವ ಎರಡು ಹಲ್ಲುಚಕ್ರಗಳು ಈ ತೀರ್ಪನ್ನು ಮೊದಲೇ ಕೊಟ್ಟುಬಿಟ್ಟಿರುತ್ತವೆ.

ಬಂಡಿಗೆ ಈ ತೊಡಕಿಲ್ಲ. ಎತ್ತು ನಡೆದಷ್ಟು ಚಕ್ರ ಉರುಳುತ್ತದೆ. ಮೋಟಾರಿನ ಎಂಜಿನಾದರೋ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿದರೆ ಮಾತ್ರ ಹುರುಪು ತೋರುವ ಪ್ರಾಣಿ. ಚಕ್ರಕ್ಕೆ ಬೇಕಾದದ್ದು ಕೆಲವು ನೂರು ಸುತ್ತುಗಳು ಮಾತ್ರ. ಇವೆರಡರ ನಡುವೆ ಸಂಧಾನ ಮಾಡಿಸುವವರು ಇಬ್ಬರು. ಮೊದಲನೆಯದು ಗೇರುಪೆಟ್ಟಿಗೆ, ಎರಡನೆಯದು ಹಿಂದಿನ ಅಚ್ಚು. ಉದ್ದನೆಯ ದಂಡವೊಂದು ಗೇರುಪೆಟ್ಟಿಗೆಯಿಂದ ಹಿಂದಕ್ಕೆ ಬಂದು ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಪಿನಿಯನ್ನು ಕ್ರೌನ್ ಎಂಬ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ಕ್ರೌನಿನಲ್ಲಿ 41 ಹಲ್ಲು, ಪಿನಿಯನ್ನಿನಲ್ಲಿ 10 ಹಲ್ಲು ಇದ್ದರೆ ಅನುಪಾತ 4.10. ಎಂದರೆ ದಂಡವು ನಾಲ್ಕು ಸುತ್ತಿಗಿಂತ ತುಸು ಹೆಚ್ಚು ತಿರುಗಿದಾಗ ಚಕ್ರ ಒಂದು ಸುತ್ತು ಉರುಳುತ್ತದೆ. ಅದೇ 41 ಹಲ್ಲಿಗೆ 11 ಹಲ್ಲಿನ ಪಿನಿಯನ್ನು ಜೊತೆಯಾದರೆ 3.73. ನೇರವಾಗಿ 4 ಎಂದೇ ಇಡಬಹುದಿತ್ತಲ್ಲ, ಈ ಚಿಲ್ಲರೆಯ ಲೆಕ್ಕವೇಕೆ ಎಂದು ವಾಚಕರು ಕೇಳಬಹುದು. ಲೆಕ್ಕ ಸರಿಯಾಗಿ ಭಾಗಿಸಿಹೋದರೆ ಒಂದು ಹಲ್ಲು ಸದಾ ಅದೇ ಕೆಲವು ಹಲ್ಲುಗಳನ್ನೇ ಸಂಧಿಸಿ, ಒಂದೇ ಕಡೆ ಸವೆಯುತ್ತದೆ. ಚಿಲ್ಲರೆ ಉಳಿದರೆ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳೊಡನೆಯೂ ಸರದಿಯ ಮೇಲೆ ಕೂಡಿ, ಸವೆತ ಸಮನಾಗಿ ಹಂಚಿಹೋಗುತ್ತದೆ.

ಅನುಪಾತದ ಅಂಕಿ ಹೆಚ್ಚಿದಷ್ಟೂ ಎಳೆತ ಹೆಚ್ಚು, ಓಟ ಕಡಿಮೆ. ಅಂಕಿ ಇಳಿದಷ್ಟೂ ಓಟ ಹೆಚ್ಚು, ಎಳೆತ ಕಡಿಮೆ. ಭಾರದ ಲಾರಿಗಳಲ್ಲಿ 6ಕ್ಕೂ ಮೇಲ್ಪಟ್ಟ ಅನುಪಾತ ಬಹುಕಾಲ ಸಾಮಾನ್ಯವಾಗಿತ್ತು. ವಾಡಿ, ಸೇಡಂಗಳ ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಅಗೆಯುವಂಥ ತೆರೆದ ಗಣಿಗಳಲ್ಲಿ ದುಡಿಯುವ ಡಂಪರುಗಳ ಲೆಕ್ಕ ಇನ್ನೂ ಆಳವಾದದ್ದು. ಅಚ್ಚಿನ ನಡುವೆ ಒಮ್ಮೆ ವೇಗ ತಗ್ಗಿ, ಚಕ್ರದ ಗುಂಬದಲ್ಲಿ ಅಡಗಿರುವ ಇನ್ನೊಂದು ಗೇರುಗೊಂಚಲಿನಲ್ಲಿ ಮತ್ತೊಮ್ಮೆ ತಗ್ಗುತ್ತದೆ. ಎರಡೂ ಸೇರಿ ಹದಿನೈದರಿಂದ ಇಪ್ಪತ್ತರವರೆಗೂ ಹೋಗುವುದುಂಟು. ಕರ್ನಾಟಕದವರು ಇಂಥ ಡಂಪರುಗಳನ್ನು ನೋಡಲು ವಿದೇಶಕ್ಕೆ ಹೋಗಬೇಕಾಗಿಲ್ಲ. 1964ರಲ್ಲಿ ಸ್ಥಾಪಿತವಾದ ಬಿ.ಇ.ಎಂ.ಎಲ್. ಸಂಸ್ಥೆಯ ಮೈಸೂರಿನ ಕಾರ್ಖಾನೆಯಲ್ಲಿಯೇ ಅವು ತಯಾರಾಗುತ್ತವೆ. ಕುತೂಹಲದ ಸಂಗತಿಯೆಂದರೆ, ಗಣಿಯ ಈ ಆನೆಗೂ ಪಂದ್ಯದ ಕುದುರೆಯಂಥ ಕಾರಿಗೂ ಒಂದು ಅಂಗ ಸಮಾನವಾಗಿದೆ. ಅದೇ ಸ್ವಯಂಚಾಲಿತ ಗೇರುಪೆಟ್ಟಿಗೆ.

ಕಾಲಿನಿಂದ ಕ್ಲಚ್ಚನ್ನು ತುಳಿಯುವ ಕಾರಿನಲ್ಲಿ ಎಂಜಿನಿಗೂ ಗೇರಿಗೂ ಗಟ್ಟಿಯಾದ ಕೂಡಿಕೆ. ಸ್ವಯಂಚಾಲಿತದಲ್ಲಿ ಹಾಗಲ್ಲ. ಮುಖಾಮುಖಿಯಾಗಿ ಇಟ್ಟ ಎರಡು ಬೀಸಣಿಗೆಗಳನ್ನು ಊಹಿಸಿಕೊಳ್ಳಬೇಕು: ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದು ತಿರುಗುತ್ತದೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಮರಳಿ ಬರುವ ಎಣ್ಣೆಯನ್ನು ಸರಿಯಾದ ದಿಕ್ಕಿಗೆ ತಿರುಗಿಸಲು ನಡುವೆ ಮೂರನೆಯದೊಂದು ಚಕ್ರ. ಜರ್ಮನಿಯ ಹರ್ಮನ್ ಫೋಟಿಂಗರ್ 1905ರಲ್ಲಿ ಹಕ್ಕುಪತ್ರ ಪಡೆದ ಈ ಉಪಾಯಕ್ಕೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ಕಾರು ನಿಂತಲ್ಲಿಂದ ಹೊರಡುವ ಗಳಿಗೆಯಲ್ಲಿ ಇದು ಎಂಜಿನಿನ ತಿರುಚುಬಲವನ್ನು ಸುಮಾರು ಇಮ್ಮಡಿಗೊಳಿಸುತ್ತದೆ. ವೇಗ ಕೂಡಿದಂತೆ ಆ ಇಮ್ಮಡಿ ಕರಗಿಹೋಗುತ್ತದೆ. ಸ್ವಯಂಚಾಲಿತ ಕಾರಿಗೆ ಅಚ್ಚನ್ನು ಆರಿಸುವ ವಿವೇಕವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ. ಎಡವುವವರು ಎಡವುವುದೂ ಇಲ್ಲಿಯೇ.

ಅಮೆರಿಕದಲ್ಲಿ 1960ರ ದಶಕ ಬಲಿಷ್ಠ ಎಂಜಿನುಗಳ ಕಾರುಗಳ ಸುಗ್ಗಿಯ ಕಾಲ. ಕೊಳ್ಳುವವನು ಬಣ್ಣವನ್ನು ಆರಿಸಿದಂತೆಯೇ ಅಚ್ಚಿನ ಅನುಪಾತವನ್ನೂ ಪಟ್ಟಿಯಿಂದ ಆರಿಸಬಹುದಾಗಿತ್ತು: 3.08, 3.55, 3.73, 4.10. ತರುಣರ ಕಣ್ಣು ಕಡೆಯ ಅಂಕಿಯ ಮೇಲೆಯೇ. ಅಂಥ ಹಳೆಯ ಕಾರೊಂದು ಇಂದು ಕಲಬುರಗಿಯ ಮನೆಯೊಂದರ ಅಂಗಳಕ್ಕೆ ಬಂದಿತೆಂದು ಭಾವಿಸೋಣ. ಅದರ ತೂಕ 1600 ಕಿಲೋಗ್ರಾಂ. ಟೈರು ಒಮ್ಮೆ ಉರುಳಿದರೆ ಎರಡು ಮೀಟರು ದಾರಿ. ಗೇರುಪೆಟ್ಟಿಗೆ ಜನರಲ್ ಮೋಟಾರ್ಸಿನ ಮೂರು ಗೇರಿನ ಟರ್ಬೋ ಹೈಡ್ರಮ್ಯಾಟಿಕ್ 400, ಮೊದಲ ಗೇರು 2.48, ಕಡೆಯದು 1. ಹೊರಡುವಾಗ ಎಂಜಿನು 300 ನ್ಯೂಟನ್-ಮೀಟರು ಕೊಡುತ್ತದೆ, ಕನ್ವರ್ಟರು ಅದನ್ನು ಇಮ್ಮಡಿಸುತ್ತದೆ. ಸೋರಿಕೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 3.08ರ ಅಚ್ಚಿನಲ್ಲಿಯೇ ಹಿಂದಿನ ಚಕ್ರಗಳು ನೆಲವನ್ನು ಸುಮಾರು 1470 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲದಿಂದ ತಳ್ಳಹೊರಡುತ್ತವೆ. 4.10ರಲ್ಲಿ ಅದು 1950. ಆದರೆ ಆ ಎರಡು ಟೈರುಗಳ ಮೇಲೆ ಬಿದ್ದಿರುವ ಭಾರವೆಷ್ಟು? ಕಾರಿನ ಅರ್ಧ, ಎಂಟುನೂರು ಕಿಲೋ. ಹೊರಡುವಾಗ ಭಾರ ಹಿಂದಕ್ಕೆ ವಾಲುವುದರಿಂದ ಇನ್ನಷ್ಟು ಸೇರಬಹುದು. ಸಾಧಾರಣ ಟೈರು ತನ್ನ ಮೇಲಿನ ಭಾರಕ್ಕಿಂತ ಹೆಚ್ಚಿನ ಬಲದಿಂದ ನೆಲವನ್ನು ಹಿಡಿಯಲಾರದು. ಮಿಕ್ಕ ಬಲವೆಲ್ಲ ಹೊಗೆ, ಕಿರಿಚಾಟ, ಮತ್ತು ರಸ್ತೆಯ ಮೇಲಿನ ಕಪ್ಪು ಗೆರೆ. ನೋಡುವವರಿಗೆ ಅದು ಶೌರ್ಯದಂತೆ ಕಂಡೀತು. ಜೇಬಿಗೆ ಅದು ಟೈರಿನ ಬೆಲೆ. ಶಹಾಬಾದಿನ ಕಲ್ಲುಪುಡಿ ಉದುರಿದ ದಾರಿಯಲ್ಲಿ, ಮೊದಲ ಮಳೆಯ ಮಾರನೆಯ ದಿನ, ಕಾರು ಅಡ್ಡ ತಿರುಗಿ ನಿಲ್ಲುವುದಕ್ಕೂ ಅದೇ ಕಾರಣವಾದೀತು.

ಇನ್ನು ಓಟದ ಲೆಕ್ಕ. ಗಂಟೆಗೆ 100 ಕಿಲೋಮೀಟರಿನಲ್ಲಿ ಆ ಚಕ್ರಗಳು ನಿಮಿಷಕ್ಕೆ 833 ಸುತ್ತು ಉರುಳುತ್ತವೆ. 3.08ರಲ್ಲಿ ಎಂಜಿನು 2567 ಸುತ್ತಿನಲ್ಲಿ ಸಮಾಧಾನವಾಗಿ ಗುನುಗುತ್ತದೆ; 4.10ರಲ್ಲಿ 3417ಕ್ಕೆ ಏರಿ ದಾರಿಯುದ್ದಕ್ಕೂ ಅರಚುತ್ತದೆ. ಕನ್ವರ್ಟರಿನ ಎಣ್ಣೆಯಲ್ಲಿ ಜಾರಿಕೆ ಇರುವುದರಿಂದ ನಿಜದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಎಂಜಿನಿನ ಮಿತಿ 5500 ಸುತ್ತು ಎಂದಿಟ್ಟುಕೊಂಡರೆ 3.08ರ ಕಾರಿಗೆ ಹಲ್ಲುಗಳು ಹಾಕಿದ ಎಲ್ಲೆ 214 ಕಿಲೋಮೀಟರು, 4.10ರದಕ್ಕೆ ಕೇವಲ 161. ಕಾಲು ಮೈಲಿಯ ಪಂದ್ಯಕ್ಕೆ, ಅಂಟುಗುಣದ ವಿಶೇಷ ಟೈರುಗಳೊಡನೆ, 4.10 ಒಪ್ಪುವ ಮಾತೇ. ಹೆಂಡತಿಮಕ್ಕಳನ್ನು ಕೂರಿಸಿಕೊಂಡು ಹೈದರಾಬಾದಿಗೆ ಹೋಗಿಬರುವ ಕಾರಿಗೆ ಅದು ಶಿಕ್ಷೆ.

ಹಾಗಾದರೆ 3.08ನ್ನು ಹಾಕಿಸಿ ಸುಮ್ಮನಿರಬೇಕೆ? ಮೂರು ಗೇರಿನ ಪೆಟ್ಟಿಗೆಯಾದರೆ ಬಹುಮಟ್ಟಿಗೆ ಹೌದು. ನಾಲ್ಕನೆಯ ಗೇರು ಬಂದ ಮೇಲೆ ಮಾತು ಬದಲಾಯಿತು. ಅದೇ ಕಂಪನಿ 1982ರ ಮಾದರಿಗಳಿಗೆ ಕೊಟ್ಟ 700-ಆರ್4 ಎಂಬ ಪೆಟ್ಟಿಗೆಯಲ್ಲಿ ಮೊದಲ ಗೇರು 3.06, ಕಡೆಯದು 0.70. ಇದರ ಹಿಂದೆ 3.73ರ ಅಚ್ಚನ್ನು ಇಟ್ಟರೆ ಕಡೆಯ ಗೇರಿನಲ್ಲಿ ಒಟ್ಟು ಅನುಪಾತ 2.61, ನೂರು ಕಿಲೋಮೀಟರಿನಲ್ಲಿ ಎಂಜಿನು ಕೇವಲ 2176 ಸುತ್ತು. ಹಳೆಯ ಪೆಟ್ಟಿಗೆಯ 3.08ಕ್ಕಿಂತಲೂ ಇದು ಶಾಂತ. ಹೊರಡುವಾಗಿನ ಎಳೆತವಾದರೋ ಅದಕ್ಕಿಂತ ಒಂದೂವರೆ ಪಟ್ಟು ಸಮೀಪ. ಆದ್ದರಿಂದ ಗೇರುಪೆಟ್ಟಿಗೆ ಯಾವುದೆಂದು ಕೇಳದೆ ಅಚ್ಚಿನ ಅಂಕಿಯನ್ನು ಹೇಳುವ ಗೆಳೆಯನ ಸಲಹೆ ರೋಗಿಯನ್ನು ನೋಡದೆ ಕೊಟ್ಟ ಔಷಧಿಯಂತೆಯೇ ಸರಿ. ಟೈರಿನ ಎತ್ತರವನ್ನೂ ಕೇಳಬೇಕು. ಅಂದಕ್ಕಾಗಿ ದೊಡ್ಡ ಟೈರು ಹಾಕಿದವನು ಹಲ್ಲುಗಳನ್ನು ಮುಟ್ಟದೆಯೇ ತನ್ನ ಅನುಪಾತವನ್ನು ಇಳಿಸಿಕೊಂಡಿರುತ್ತಾನೆ. ವೇಗಮಾಪಕವೂ ಅಂದಿನಿಂದ ಸುಳ್ಳು ಹೇಳತೊಡಗುತ್ತದೆ.

ಅಂಕಿ ತೀರ ಇಳಿದರೂ ಕೇಡು ತಪ್ಪದು. ಏರುದಾರಿಯಲ್ಲಿ ಎಂಜಿನು ತಿಣುಕಿ, ಕನ್ವರ್ಟರಿನ ಎಣ್ಣೆ ಜಾರುತ್ತ ಜಾರುತ್ತ ಕಾಯುತ್ತದೆ. ಕಲಬುರಗಿ ಸೀಮೆಯ ಬೇಸಗೆಯಂತೂ ಪ್ರಸಿದ್ಧವೇ. ಸ್ವಯಂಚಾಲಿತ ಪೆಟ್ಟಿಗೆಗೆ ಶಾಖದಂಥ ಶತ್ರು ಬೇರೊಂದಿಲ್ಲ. ಎಣ್ಣೆ ಸೀದುಹೋದರೆ ಒಳಗಿನ ಹಿಡಿತದ ಬಿಲ್ಲೆಗಳೂ ಸೀದುಹೋಗುತ್ತವೆ, ಆ ದುರಸ್ತಿಯ ಖರ್ಚು ಅಚ್ಚಿನ ಖರ್ಚನ್ನು ಮೀರುತ್ತದೆ.

ತಯಾರಕರು ಇದನ್ನೆಲ್ಲ ಒಟ್ಟಾಗಿ ನೋಡುತ್ತಾರೆ. ಬಿಡದಿಯಲ್ಲಿ ಸಿದ್ಧವಾಗುವ ಟೊಯೋಟಾ ಫಾರ್ಚುನರಿನ 2021ರ ಮಾದರಿಯಲ್ಲಿ ಒಂದೇ 2.8 ಲೀಟರಿನ ಡೀಸೆಲ್ ಎಂಜಿನಿಗೆ ಕೈಗೇರಾದರೆ 420 ನ್ಯೂಟನ್-ಮೀಟರು, ಸ್ವಯಂಚಾಲಿತವಾದರೆ 500 ಎಂದು ಬೇರೆ ಬೇರೆ ಮಿತಿ ಇಟ್ಟಿದ್ದರು. ಎಂಜಿನು, ಪೆಟ್ಟಿಗೆ, ಅಚ್ಚು, ಟೈರು ಒಂದೇ ಸಂಸಾರದವು. ಒಬ್ಬರನ್ನು ಬದಲಿಸಿದರೆ ಉಳಿದವರೆಲ್ಲ ಹೊಂದಿಕೊಳ್ಳಬೇಕು. ಮೇಲಾಗಿ, ತಯಾರಕರು ಕೊಟ್ಟ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ನಿರ್ಬಂಧವೂ ಇದೆ. ಹೊಸ ಹಲ್ಲುಚಕ್ರಗಳಿಗೆ ಹಣ ತೆರುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ತನ್ನ ಹಿಂದಿನ ಅಚ್ಚಿನ ಅನುಪಾತ ಎಷ್ಟೆಂದು ತಿಳಿಯಲು ಡಬ್ಬಿಯನ್ನು ಬಿಚ್ಚಬೇಕಾಗಿಲ್ಲ. ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಭದ್ರವಾಗಿ ಕಲ್ಲು ಕೊಡಬೇಕು. ಹಿಂದಿನ ಒಂದು ಚಕ್ರವನ್ನಷ್ಟೇ ಎತ್ತಿ, ಜ್ಯಾಕನ್ನು ನಂಬದೆ ಗಟ್ಟಿಯಾದ ಆಧಾರ ಇಟ್ಟು, ಗೇರನ್ನು ನ್ಯೂಟ್ರಲಿಗೆ ತಂದು ಕೈಬ್ರೇಕನ್ನು ಸಡಿಲಿಸಬೇಕು. ಟೈರಿಗೊಂದು, ದಂಡಕ್ಕೊಂದು ಸುಣ್ಣದ ಗುರುತು ಹಾಕಿ ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಬೇಕು. ಎರಡೇಕೆಂದರೆ, ಇನ್ನೊಂದು ಚಕ್ರ ನೆಲದ ಮೇಲೆ ಕದಲದೆ ನಿಂತಿರುವಾಗ ಡಿಫರೆನ್ಷಿಯಲ್ಲಿನ ಗುಣದಿಂದ ಎತ್ತಿದ ಚಕ್ರದ ಎರಡು ಸುತ್ತಿಗೆ ಕ್ರೌನು ಒಂದೇ ಸುತ್ತು ತಿರುಗುತ್ತದೆ. ಅಷ್ಟರಲ್ಲಿ ದಂಡದ ಮೇಲಿನ ಗುರುತು ಎಷ್ಟು ಬಾರಿ ಸುತ್ತಿ ಬಂದಿತೆಂದು, ಪಕ್ಕಕ್ಕೆ ನಿಂತು ಇನ್ನೊಬ್ಬರು ಎಣಿಸಲಿ. ಮೂರು ಸುತ್ತು ಮುಗಿದು ಮುಕ್ಕಾಲಿನ ಹತ್ತಿರ ನಿಂತರೆ 3.73, ನಾಲ್ಕನ್ನು ದಾಟಿ ಚೂರು ಮುಂದೆ ನಿಂತರೆ 4.10.